ಚಳಿಗಾಲಕ್ಕೆ ಒಪ್ಪಿಸಿದ ಕರೆಂಟ್ ಹಲಗೆ

ಚಲುವರಾಜು ಮೋಟಾರು ವೈಂಡಿಂಗ್ ಕೆಲಸದವನು. ಬನಶಂಕರಿ ಎರಡನೇ ಹಂತದಲ್ಲಿ ಯಾರ ಮನೆಯ ಮಿಕ್ಸಿ ಸುಟ್ಟರೂ, ಪಂಪು ಕೂತರೂ ಅವನ ಪೆಟ್ಟಿಗೆಯಷ್ಟು ಅಗಲದ ಅಂಗಡಿಗೇ ಬರುತ್ತಿತ್ತು. ಮೂರನೇ ವಯಸ್ಸಿಗೆ ಪೋಲಿಯೊ ಬಂದು ಎರಡೂ ಕಾಲು ಸೊರಗಿಹೋಗಿದ್ದವು. ಅಂದಿನಿಂದ ಅಪ್ಪ, ಅಣ್ಣ, ಭಾವ ಅಂತ ಯಾರಾದರೊಬ್ಬರ ಬೆನ್ನೇ ಅವನ ವಾಹನ. ಹೊತ್ತವರೆಲ್ಲ ಒಳ್ಳೆಯವರೇ, ಇಲ್ಲವೆನ್ನುವಂತಿಲ್ಲ. ಆದರೆ ಅವರು ದಾರಿಯಲ್ಲಿ ನಿಂತು ಹರಟಿದರೆ ಇವನೂ ನಿಲ್ಲಬೇಕು. ಅವರು ಮನೆಯ ಕಷ್ಟ ತೋಡಿಕೊಂಡರೆ ಕಿವಿಯ ಹಿಂದೆ ಕೂತು ಕೇಳಬೇಕು. ಬೆನ್ನು ಕೊಟ್ಟವನ ಮಾತಿಗೆ ಎದುರಾಡಲು ಯಾರಿಗೆ ಬಾಯಿ ಬರುತ್ತದೆ?

ಇದು ಸಾಕಾಗಿ, ತೊಂಬತ್ತರ ದಶಕದ ನಡುವೆ ಅವನೇ ಒಂದು ಗಾಡಿ ಕಟ್ಟಿಕೊಂಡ. ಹಲಸಿನ ಹಲಗೆ, ಕೆಳಗೆ ನಾಲ್ಕು ಬೇರಿಂಗ್ ಚಕ್ರ, ಗುಜರಿಯಲ್ಲಿ ಸಿಕ್ಕ ಕಾರಿನ ಫ್ಯಾನ್ ಮೋಟಾರು, ಹನ್ನೆರಡು ವೋಲ್ಟಿನ ಬ್ಯಾಟರಿ. ಗುಂಡಿ ಒತ್ತಿದರೆ ಕುಂಯ್ ಎಂದು ಹೊರಡುತ್ತಿತ್ತು. ಬೀದಿಯವರು ಅದಕ್ಕೆ ಕರೆಂಟ್ ಹಲಗೆ ಎಂದು ಹೆಸರಿಟ್ಟರು. ಹಲಗೆಯ ಮೇಲೆ ಕೂತ ಮೊದಲ ದಿನ ಅವನು, ಇನ್ನು ಸತ್ತಾಗ ಹೊರುವವರ ಹೊರತು ಬೇರೆ ಯಾರೂ ನನ್ನನ್ನು ಹೊರಬೇಕಾಗಿಲ್ಲ ಎಂದುಕೊಂಡ.

ಅವನ ಮನೆ ಓನರು ಪಾರ್ವತಮ್ಮ. ಹನ್ನೊಂದು ಮನೆಯವರು ನಯವಾಗಿ ನೆಪ ಹೇಳಿ ಬಾಗಿಲು ಹಾಕಿಕೊಂಡ ಮೇಲೆ, ಈಕೆ ಮಾತ್ರ ಊಟ ಆಯ್ತಾ ಎಂದು ಕೇಳಿ ಹಿತ್ತಲ ಕೋಣೆಯ ಬೀಗದ ಕೈ ಕೊಟ್ಟಿದ್ದರು. ಗಂಡ ತೀರಿಹೋಗಿ ಒಂಟಿಯಾಗಿದ್ದ, ಅರವತ್ತೈದು ದಾಟಿದ ಹೆಂಗಸು. ಮನೆಗೆ ಬಂದ ಜೀವ ಹಸಿದು ಹೋಗಬಾರದು ಎಂಬುದು ಅವರ ವ್ರತ. ಮೀಟರ್ ಓದಲು ಬಂದವನೂ ಉಪ್ಪಿಟ್ಟು ತಿಂದೇ ಗೇಟು ದಾಟಬೇಕಿತ್ತು. ಐದು ವರ್ಷದಲ್ಲಿ ಚಲುವರಾಜುವಿಗೆ ಈ ಊರಿನಲ್ಲಿ ನನ್ನವರು ಅಂತ ಉಳಿದದ್ದು ಅವರೊಬ್ಬರೇ.

ಆ ಡಿಸೆಂಬರಿನಲ್ಲಿ ವಿಲ್ಸನ್ ಗಾರ್ಡನ್ ಕಡೆಯ ಒಂದು ಧರ್ಮಾಸ್ಪತ್ರೆಯಲ್ಲಿ ಅವನ ಮೊಣಕಾಲಿನ ಸೊಟ್ಟ ಬಿಡಿಸುವ ಆಪರೇಷನ್ ಗೊತ್ತಾಯಿತು. ಆರು ವಾರ ಪ್ಲಾಸ್ಟರು, ಮಂಚ ಬಿಟ್ಟು ಅಲುಗುವಂತಿಲ್ಲ. ಹಲಗೆಯನ್ನು ಯಾರಿಗೆ ಒಪ್ಪಿಸುವುದು? ಬ್ಯಾಟರಿಯನ್ನು ಅಷ್ಟು ದಿನ ಸುಮ್ಮನೆ ಬಿಟ್ಟರೆ ಒಳಗಿನ ಪ್ಲೇಟುಗಳಿಗೆ ಬಿಳಿ ಹಿಡಿದು ಸತ್ತೇ ಹೋಗುತ್ತದೆ. ಆಗಾಗ ಚಾರ್ಜು ಮಾಡುತ್ತಿರಬೇಕು. ಚಾರ್ಜರೂ ಅವನ ಕೈಯದೇ. ಬ್ಯಾಟರಿ ತುಂಬಿತೆಂದು ತಾನಾಗಿ ನಿಲ್ಲುವ ಬುದ್ಧಿ ಅದಕ್ಕಿರಲಿಲ್ಲ.

ಅವನು ಪಾರ್ವತಮ್ಮನಿಗೆ ಎಲ್ಲ ವಿವರಿಸಿದ. ಹದಿನೈದು ದಿನಕ್ಕೊಮ್ಮೆ, ನಾಲ್ಕು ಗಂಟೆ ಹೊತ್ತು, ಮುಂದಿನ ವರಾಂಡದಲ್ಲಿಟ್ಟು ಚಾರ್ಜು ಮಾಡಿ ಪ್ಲಗ್ ಕೀಳಬೇಕು. ಚಳಿಗೆ ಬ್ಯಾಟರಿ ಸೊರಗುತ್ತದೆ, ಒಂದು ಗೋಣಿ ಹೊದಿಸಿದರೆ ಒಳ್ಳೆಯದು. ವರಾಂಡವೇ ಏಕೆ ಎಂದು ಅವರು ಕೇಳಿದ್ದಕ್ಕೆ, ಒಳಗಿಟ್ಟರೆ ವಾಸನೆ ಬರುತ್ತದೆ ಎಂದ. ಅದೂ ಸುಳ್ಳಲ್ಲ. ಆದರೆ ಚಾರ್ಜಾಗುವಾಗ ಅದರಿಂದ ಗ್ಯಾಸು ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ತುಂಬಿಕೊಂಡರೆ ಒಂದು ಕಿಡಿಗೆ ಬಾಂಬಿನಂತೆ ಸಿಡಿಯುತ್ತದೆ ಎಂಬುದನ್ನು ನುಂಗಿಕೊಂಡ. ಹೇಳಿದರೆ ಬೇಡ ಅಂದುಬಿಟ್ಟಾರು ಎಂಬ ಹೆದರಿಕೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರೆಲ್ಲ ಹೀಗೆಯೇ ಅರ್ಧ ಮಾತು ಹೇಳಿ ಏಳುತ್ತಾರೆ.

ನಾಲ್ಕು ವಾರ ಕಳೆದು ಸಂಕ್ರಾಂತಿ ಬಂತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನರ್ಸು ಒಂದು ಪೊಟ್ಟಣ ತಂದು ಕೊಟ್ಟಳು. ಮಹಡಿಯ ಮೇಲಿನ ಬಾಡಿಗೆಯ ಹುಡುಗಿ ವಿಜಯಲಕ್ಷ್ಮಿ, ಊರಿಗೆ ಹೋಗುವ ಬಸ್ಸಿಗೆ ಹೊತ್ತಾಯಿತೆಂದು ಗೇಟಿನಲ್ಲೇ ಕೊಟ್ಟು ಹೋಗಿದ್ದಳಂತೆ. ಒಳಗೆ ಎಳ್ಳುಬೆಲ್ಲ, ಎರಡು ಸಕ್ಕರೆ ಅಚ್ಚು, ಪಾರ್ವತಮ್ಮನ ಗುಂಡು ಅಕ್ಷರದ ಒಂದು ಚೀಟಿ. ಎಳ್ಳು ಬಾಯಿಗೆ ಹಾಕಿಕೊಂಡು ಅವನು ಓದತೊಡಗಿದ.

“ಚಲುವ, ನಿನ್ನ ಹಲಗೆ ಬಗ್ಗೆ ಯೋಚ್ನೆ ಮಾಡ್ಬೇಡ. ವರಾಂಡದಲ್ಲಿ ಗುಜರಿಯವನು ಕಣ್ಣು ಹಾಕಿದ್ದ. ಅದಕ್ಕೇ ಹಿತ್ತಲ ಬಚ್ಚಲುಮನೇಲಿ ಹಂಡೆ ಪಕ್ಕ ಇಟ್ಟಿದೀನಿ. ಧನುರ್ಮಾಸದ ತಣ್ಣೀರು ಸ್ನಾನ ನಂದು ನಲ್ಲಿ ಹತ್ರಾನೇ ಆಗುತ್ತೆ, ಅಲ್ಲಿಗೆ ಯಾರೂ ಹೋಗಲ್ಲ. ಚಳಿಗಾಳಿ ಬರ್ದೇ ಇರ್ಲಿ ಅಂತ ಕಿಟಕಿಗೆ ಗೋಣಿ ತುರುಕಿದೀನಿ. ಹದಿನೈದು ದಿನ ಉಪವಾಸ ಕೆಡವೋಕೆ ಮನಸ್ಸು ಬರ್ಲಿಲ್ಲ, ದಿನಾ ಚಾರ್ಜ್ ಹಾಕಿರ್ತೀನಿ. ಹೊಟ್ಟೆ ತುಂಬಿ ಬುಸುಬುಸು ಅಂತಿರುತ್ತೆ. ಇವತ್ತಿಗೆ ವ್ರತ ಮುಗೀತು. ಹನ್ನೆರಡೂವರೆಗೆ ಪುಣ್ಯಕಾಲ, ಹಂಡೆಗೆ ಉರಿ ಹಾಕಿ ಎಳ್ಳು ಹಚ್ಕೊಂಡು ಬಿಸಿನೀರು ಹಾಕ್ಕೋತೀನಿ.”

ಬಾಯಲ್ಲಿದ್ದ ಎಳ್ಳು ಅಲ್ಲೇ ನಿಂತಿತು. ಬಚ್ಚಲುಮನೆ ಎಂದರೆ ಆರಡಿಗೆ ನಾಲ್ಕಡಿ. ಕಿಟಕಿಗೆ ಗೋಣಿ, ಬಾಗಿಲು ಭದ್ರ. ಒಂದು ತಿಂಗಳಿಂದ ಬುಸುಗುಡುತ್ತಿರುವ ಬ್ಯಾಟರಿ. ಪಕ್ಕದಲ್ಲೇ ಹಂಡೆಯ ಒಲೆ. ಒಲೆ ಹೊತ್ತಿಸುವುದೆಂದರೆ ಅವರು ಅಡುಗೆಮನೆಯಲ್ಲಿ ತೆಂಗಿನ ಗರಿಗೆ ಉರಿ ಹಿಡಿಸಿ, ಹಿತ್ತಲು ದಾಟಿ ಅದನ್ನು ಕೈಯಲ್ಲೇ ಒಳಗೆ ಒಯ್ಯುತ್ತಾರೆ. ಅದನ್ನವನು ನೂರು ಸಲ ನೋಡಿದ್ದ.

ಪಾರ್ವತಮ್ಮನ ಮನೆಯಲ್ಲಿ ಫೋನಿರಲಿಲ್ಲ. ನರ್ಸನ್ನು ಕಾಡಿಬೇಡಿ ಪಕ್ಕದ ಮನೆ ಬದರಿನಾಥ ಮೇಷ್ಟರಿಗೆ ಫೋನು ಮಾಡಿಸಿದ. ಗಂಟೆ ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಎರಡನೇ ಸಲವೂ ಅಷ್ಟೇ. ಹಬ್ಬಕ್ಕೆ ಮನೆಮಂದಿಯೆಲ್ಲ ಎಲ್ಲೋ ಹೋಗಿದ್ದರು. ಬೇರೆ ಯಾರ ನಂಬರೂ ಅವನಿಗೆ ಗೊತ್ತಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು. ಯಾವನಾದರೂ ಆಟೋದವನ ಕೈಯಲ್ಲಿ ಚೀಟಿ ಕಳಿಸಬಹುದಿತ್ತು. ಅವನು ದಾರಿ ತಪ್ಪಿದರೆ? ಹೇಳಬೇಕಾದ್ದನ್ನು ಸರಿಯಾಗಿ ಹೇಳದಿದ್ದರೆ? ಅರ್ಧ ಮಾತಿನಿಂದ ಒಮ್ಮೆ ಕೆಟ್ಟದ್ದು ಸಾಕಾಗಿತ್ತು.

ನರ್ಸು ಬೇರೆ ವಾರ್ಡಿಗೆ ಹೋದದ್ದೇ ಅವನು ಮಂಚದಿಂದ ಕೆಳಗಿಳಿದ. ಇಳಿದ ಎಂದರೆ ಬಿದ್ದ ಎಂದೇ ಅರ್ಥ. ಪ್ಲಾಸ್ಟರಿನ ಕಾಲು ನೆಲಕ್ಕೆ ಬಡಿದು ಕಣ್ಣು ಕತ್ತಲಿಟ್ಟಿತು. ಕೈಯೂರಿ, ಕಾಲನ್ನು ದಿಮ್ಮಿಯಂತೆ ಹಿಂದೆ ಎಳೆದುಕೊಂಡು ವಾರ್ಡು ದಾಟಿ, ಇಳಿಜಾರಿನಲ್ಲಿ ಜಾರಿ, ಗೇಟಿಗೆ ಬಂದ. ಅಲ್ಲಿ ನಿಂತಿದ್ದ ಆಟೋ ಯಲ್ಲಯ್ಯ ಎಂಬ ಬಿಳಿಗೂದಲಿನವರದು. ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದವನೆಂದು ಅವರು ಮೊದಲು ಒಪ್ಪಲಿಲ್ಲ. ಚಲುವರಾಜು ಚೀಟಿಯನ್ನು ಚಾಚಿ, ಏನಾಗಬಹುದೆಂದು ಏದುಸಿರಿನಲ್ಲೇ ಹೇಳಿದ. ಯಲ್ಲಯ್ಯ ಪೂರ್ತಿ ಕೇಳದೆಯೇ ಕಿಕ್ ಹೊಡೆದರು.

ಲಾಲ್‌ಬಾಗಿನ ಗೇಟಿನವರೆಗೆ ರಸ್ತೆ ಖಾಲಿ ಇತ್ತು. ಮುಂದೆ ಹಬ್ಬವೇ ಅಡ್ಡ ಬಂತು. ಕಬ್ಬಿನ ರಾಶಿ, ಅವರೆಕಾಯಿ ಗಾಡಿ, ಅಲಂಕಾರ ಮಾಡಿದ ಹಸುಗಳು, ಚೌಕಾಸಿ ಮಾಡುತ್ತ ರಸ್ತೆಯ ನಡುವೆಯೇ ನಿಂತ ಜನ. ಸೌತ್ ಎಂಡ್ ಸರ್ಕಲಿನ ಹತ್ತಿರ ಕಬ್ಬಿನ ಲಾರಿಯೊಂದು ಹಿಂದೆ ಸರಿಯುತ್ತ ಏಳು ನಿಮಿಷ ತಿಂದಿತು. ಸೀಟಿನಲ್ಲಿ ಅಡ್ಡ ಬಿದ್ದಿದ್ದ ಚಲುವರಾಜು ಗಂಟೆ ಎಷ್ಟೆಂದು ಯಲ್ಲಯ್ಯನವರನ್ನು ಕೇಳಿ ಕೇಳಿ ಸಾಕುಮಾಡಿದ. ಹನ್ನೆರಡು. ಹನ್ನೆರಡು ಐದು. ಪುಣ್ಯಕಾಲಕ್ಕೆ ನೀರು ಕಾದಿರಬೇಕಾದರೆ ಇಷ್ಟು ಹೊತ್ತಿಗೆ ಉರಿ ಹಾಕಲೇಬೇಕು. ಅವನಿಗೆ ದೇವರ ಹೆಸರೂ ನೆನಪಾಗಲಿಲ್ಲ. ಹೇಳಬೇಕಿತ್ತು, ಹೇಳಬೇಕಿತ್ತು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮನೆ ಬಂತು. ಗೋಡೆ, ಹೆಂಚು ಎಲ್ಲ ಇದ್ದಲ್ಲೇ ಇದ್ದವು. ಅಷ್ಟು ನೋಡಿಯೇ ಅವನಿಗೆ ಉಸಿರು ಬಂತು. ಕೂಗಿದ. ಒಳಗೆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು, ಯಾರೂ ಓಗೊಡಲಿಲ್ಲ. ಗೇಟಿನಿಂದ ಹಿತ್ತಲಿಗೆ ಮನೆಯ ಪಕ್ಕದ ಓಣಿಯಲ್ಲಿ ನಲವತ್ತು ಹೆಜ್ಜೆ. ತೆವಳಿಕೊಂಡು ಮುಟ್ಟುವ ಮಾತಲ್ಲ.

“ಅಣ್ಣಾ, ಬೆನ್ನು ಕೊಡಿ” ಎಂದ ಚಲುವರಾಜು.

ಯಲ್ಲಯ್ಯ ಬಗ್ಗಿದರು. ಪ್ಲಾಸ್ಟರಿನ ಕಾಲು ಗೋಡೆಗೆ ತಾಗಿ ಲಟಕ್ ಎಂದಿತು, ನೋವು ಸೊಂಟದವರೆಗೆ ಹತ್ತಿತು, ಆದರೂ ಅವನು ಓಡಿ ಎಂದೇ ಹೇಳುತ್ತಿದ್ದ. ಹಿತ್ತಲಿಗೆ ತಿರುಗಿದಾಗ ಪಾರ್ವತಮ್ಮ ಎಡಗೈಯಲ್ಲಿ ಉರಿಯುವ ಗರಿ ಹಿಡಿದು, ಬಲಗೈಯನ್ನು ಬಚ್ಚಲಿನ ಚಿಲಕದ ಮೇಲಿಟ್ಟಿದ್ದರು.

ಅವನು ಕೂಗುವ ಮೊದಲೇ ಹೆಜ್ಜೆಯ ಸದ್ದಿಗೆ ಅವರೇ ತಿರುಗಿದರು. ಆಸ್ಪತ್ರೆಯಲ್ಲಿರಬೇಕಾದವನು ಅಪರಿಚಿತನ ಬೆನ್ನ ಮೇಲೆ, ಪ್ಲಾಸ್ಟರು ಒಡೆದು ನೇತಾಡುತ್ತ ಬಂದದ್ದನ್ನು ಕಂಡು, ಅಯ್ಯೋ ಎಂದು ಗರಿಯನ್ನು ಅಲ್ಲೇ ಬಿಸಾಡಿ ಅವನ ಕಡೆಗೆ ಓಡಿಬಂದರು. ಬೆಂಕಿ ಬಾಗಿಲಿನಿಂದ ಎರಡು ಮೊಳದಲ್ಲಿ ಬಿತ್ತು. ಯಲ್ಲಯ್ಯ ಅವನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಳಿಸಿ, ನಲ್ಲಿಯ ಹತ್ತಿರದ ಬಕೆಟ್ಟನ್ನು ಗರಿಯ ಮೇಲೆ ಸುರಿದರು.

ಬಚ್ಚಲಿನ ಪ್ಲಗ್ ಮುಟ್ಟಬೇಡಿ, ಅದರ ಕಿಡಿಯೂ ಸಾಕು ಎಂದು ಹೇಳಿ ಅವನು ಯಲ್ಲಯ್ಯನವರನ್ನು ಮುಂದಿನ ಹಾಲಿನ ಮೇನ್ ಸ್ವಿಚ್ಚನ್ನೇ ಆರಿಸಲು ಕಳಿಸಿದ. ಆಮೇಲೆ ಹೊರಗಿನಿಂದ ಕೋಲಿನಲ್ಲಿ ಕಿಟಕಿಯ ಗೋಣಿ ತಳ್ಳಿಸಿ, ಬಾಗಿಲು ತೆಗೆಸಿದ. ಒಳಗಿನಿಂದ ಬಂದ ಘಾಟಿಗೆ ಮೂವರ ಕಣ್ಣಲ್ಲೂ ನೀರು ಬಂತು. ಅರ್ಧ ಗಂಟೆ ಯಾರೂ ಒಳಗೆ ಹೋಗಬಾರದೆಂದ. ಆಮೇಲೆ ಯಲ್ಲಯ್ಯ ಎತ್ತಿ ತಂದ ಬ್ಯಾಟರಿಯ ಹೊಟ್ಟೆ ಎರಡೂ ಕಡೆ ಉಬ್ಬಿತ್ತು, ಒಳಗೆ ಹನಿ ನೀರಿರಲಿಲ್ಲ.

ಪಾರ್ವತಮ್ಮ ಅದನ್ನು ನೋಡಿ, ನಾನೇ ಹಾಳುಮಾಡಿದೆ ಎಂದು ಹಣೆ ಚಚ್ಚಿಕೊಂಡರು. ಆಗ ಅವನು ಉಳಿದರ್ಧ ಮಾತು ಹೇಳಿದ. ಗ್ಯಾಸಿನ ವಿಷಯ, ಅದು ತನಗೆ ಮೊದಲೇ ಗೊತ್ತಿದ್ದದ್ದು, ಬೇಕೆಂದೇ ಮುಚ್ಚಿಟ್ಟದ್ದು. ಬಯ್ಯಲಿ ಎಂದು ಕಾದ.

ಅವರು ತಾವು ಆಗ ಕೈಯಿಟ್ಟಿದ್ದ ಚಿಲಕದ ಕಡೆ ತಿರುಗಿ ನೋಡಿದರು.

“ಹೇಳಿದ್ರೆ ಇಟ್ಕೊಳ್ಳಲ್ಲ ಅಂತ ಅಂದ್ಕೊಂಡ್ಯಾ?” ಎಂದರು.

ಅವನು ಹೂಂ ಎಂದ.

“ಹೇಳಿದ್ದಿದ್ರೆ ವರಾಂಡದಲ್ಲೇ ಇಟ್ಟು, ನಾಲ್ಕು ಗಂಟೆ ಹೊತ್ತೂ ಪಕ್ಕದಲ್ಲಿ ಕೂತು ಕಾಯ್ತಿದ್ದೆ ಕಣೋ. ಐದು ವರ್ಷ ಜೊತೇಲಿದ್ದೂ ನಿಂಗೆ ನಾನು ಅಷ್ಟೂ ಗೊತ್ತಾಗ್ಲಿಲ್ವಾ?”

ವಿಲ್ಸನ್ ಗಾರ್ಡನ್ನಿನಿಂದ ಅಲ್ಲಿಯವರೆಗೆ ಬಾರದಿದ್ದ ಅಳು ಅವನಿಗೆ ಈಗ ಬಂತು.