ಪಣಜಿಗೆ ಮುಂಚೆ ಗುಡ್ಡ

ಹೊಸ ರಬ್ಬರ್ ಚಪ್ಪಲಿಯ ವಾಸನೆ ನಿಮಗೆ ಹಿಡಿಸುತ್ತದೋ ಇಲ್ಲವೋ ಗೊತ್ತಿಲ್ಲ. ನನಗಂತೂ ಆಗುವುದಿಲ್ಲ. ಹೋದ ರವಿವಾರ ಮೊಮ್ಮಗ ಕಿರಣನ ಹೆಂಡತಿ ಸ್ನೇಹಾ ಪ್ಲಾಸ್ಟಿಕ್ ಚೀಲದಿಂದ ಎರಡು ಜೊತೆ ತೆಗೆದು, ನಾನು ಕೂತಿದ್ದ ಮಂಚದ ಮೇಲೇ ಇಟ್ಟಳು. ಒಂದು ಅವಳದು, ಒಂದು ಕಿರಣನದು. ಅವರ ಮದುವೆಯಾಗಿ ನಾಲ್ಕು ತಿಂಗಳಾಗಿದೆ. ಶುಕ್ರವಾರ ಊರಂಚಿನ ಕಾತ್ರಜದಿಂದ ಬಸ್ಸು, ಎರಡು ದಿನ ಪಣಜಿ, ಸೋಮವಾರ ಮತ್ತೆ ಆಫೀಸು. ಮೊಬೈಲಿನಲ್ಲಿ ಕೋಣೆಯ ಫೋಟೋ ತೋರಿಸಿದಳು. ಕಿಟಕಿಯ ತುಂಬ ನೀರು. ಚೆನ್ನಾಗಿದೆ, ಚಪ್ಪಲಿ ಕೆಳಗಿಡು ಎಂದೆ.

ಅಷ್ಟರಲ್ಲಿ ನನ್ನ ಸೊಸೆ ಶೋಭಾ, ಕಿರಣನ ತಾಯಿ, ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದಳು. ಮೊದಲು ಸವದತ್ತಿ ಗುಡ್ಡಕ್ಕೆ ಹೋಗಿ ಮನೆದೇವಿಗೆ ಉಡಿ ತುಂಬಿ ಬರಬೇಕು, ಪಣಜಿ ಆಮೇಲೆ ಎಂದಳು. ಮದುವೆಯಾದ ವಾರದಲ್ಲೇ ಹೋಗಿ ಬಂದಿದ್ದೇವಲ್ಲ ಎಂದಳು ಸ್ನೇಹಾ. ಅದು ಬೇರೆ, ಈ ಮನೆಯಲ್ಲಿ ಗಂಡಹೆಂಡತಿ ಮೋಜಿಗೆ ಹೊರಟರೆ ಪ್ರತಿ ಸಲವೂ ಮೊದಲು ಗುಡ್ಡಕ್ಕೆ ಹೋಗಬೇಕು ಎಂದು ಶೋಭಾ ವಿವರಿಸಿದಳು. ರಜೆ ಇರುವುದು ಎರಡು ದಿನ. ಗುಡ್ಡಕ್ಕೆ ಹೋದರೆ ಪಣಜಿ ಇಲ್ಲ.

ಸ್ನೇಹಾ ಬೆಂಗಳೂರಿನ ಹುಡುಗಿ. ಸುತ್ತಿ ಬಳಸಿ ಮಾತಾಡುವುದಿಲ್ಲ. "ಅಜ್ಜಿ, ನೀವೇ ಹೇಳಿ. ಇದು ನಿಜವಾಗ್ಲೂ ಈ ಮನೆ ಪದ್ಧತಿನಾ?"

"ಹೇಳ್ರಿ ಅತ್ಯಾರ," ಎಂದಳು ಶೋಭಾ.

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಬ್ಯಾಂಕಿನ ಕಾಗದ ಬಂದರೆ ಯಾರೂ ನನ್ನನ್ನು ಕೇಳುವುದಿಲ್ಲ. ಮನೆಯ ಪದ್ಧತಿಯ ವಿಷಯ ಬಂದರೆ ಮಾತ್ರ ಎಲ್ಲರೂ ನನ್ನ ಮುಖ ನೋಡುತ್ತಾರೆ. ಆ ಒಂದು ಅಧಿಕಾರವನ್ನು ನಾನು ಚೆನ್ನಾಗಿಯೇ ಚಲಾಯಿಸಿದ್ದೇನೆ. ಆದರೆ ಆ ದಿನ ಬಾಯಿ ಕೂಡಲೇ ತೆರೆಯಲಿಲ್ಲ. ಏಕೆಂದು ನಿಮಗೆ ಹೇಳುತ್ತೇನೆ.

ನಮ್ಮವರು ಈ ಮರಾಠಿ ಊರಿನ ಹೊರಗೆ, ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಶಿವಾಜಿನಗರದಲ್ಲಿ ಕಂಪನಿಯ ಬಸ್ಸು ಹತ್ತಿದರೆ ಸಂಜೆಗೇ ಇಳಿಯುವುದು. ದಿನವಿಡೀ ಯಂತ್ರದ ಸದ್ದು ಕೇಳಿದ ಮನುಷ್ಯನಿಗೆ ಮನೆಯಲ್ಲಿ ಮಾತು ಬೇಕಾಗುತ್ತಿರಲಿಲ್ಲ. ಮನೆ ಎಂದರೆ ಎರಡು ಕೋಣೆ. ಮೊದಲು ಅತ್ತೆ ನಮ್ಮ ಕಾಲ ಬಳಿಯೇ ಮಲಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಮಗ ಬಸುವಿಗೆ ಮದುವೆಯಾಯಿತು, ಒಳಗಿನ ಕೋಣೆ ಅವನಿಗೂ ಶೋಭಾಳಿಗೂ ಹೋಯಿತು. ನಾವು ಹೊರಗೆ ಬಂದೆವು, ನಡುವೆ ಕಿರಣ ಬಂದು ಮಲಗಿದ. ಮೂವತ್ತೈದು ವರ್ಷದ ಸಂಸಾರದಲ್ಲಿ ಬಾಗಿಲು ಹಾಕಿಕೊಂಡು ಇಬ್ಬರೇ ಕೂತದ್ದು ನೆನಪಿಲ್ಲ. ಮಕ್ಕಳು ಹೇಗಾದವು ಎಂದು ಮಾತ್ರ ಕೇಳಬೇಡಿ.

ಅಂಥ ಮನುಷ್ಯ ಒಂದು ದಿನ ಯಾರದೋ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಪಣಜಿಯ ಪ್ರವಾಸ ಬರೆದುಕೊಂಡು ಬಂದರು. ದೀಪಾವಳಿಗೆ ಕಾರ್ಖಾನೆ ನಾಲ್ಕು ದಿನ ಮುಚ್ಚುತ್ತಿತ್ತು. ಬಸ್ಸು ನಿಲ್ಲುವ ಕಡೆ ಹೋಟೆಲು ಇಟ್ಟಿದ್ದ ಶೆಟ್ಟರ ಭಾವಮೈದುನನ ಲಾಡ್ಜು ಪಣಜಿಯಲ್ಲಿ ಇತ್ತಂತೆ. ಶೆಟ್ಟರು ನದಿ ಕಾಣುವ ಕೋಣೆಯನ್ನೇ ಹೇಳಿಟ್ಟಿದ್ದರು. ನಮ್ಮವರು ನನ್ನನ್ನು ಎದುರಿಗೆ ಕೂಡ್ರಿಸಿಕೊಂಡು ಶಾಲೆಯ ಪಾಠದಂತೆ ಓದಿದರು. ಮೊದಲ ದಿನ ಸ್ನಾನ, ತಿಂಡಿ, ಚರ್ಚು ನೋಡುವುದು. ಮಧ್ಯಾಹ್ನ ಮಲಗುವುದು. ಹೌದು, ಅದನ್ನೂ ಬರೆದಿದ್ದರು. ಸಂಜೆ ದೀಪ ಹಾಕಿದ ದೋಣಿ, ದೋಣಿಯಲ್ಲಿ ಹಾಡು ಕುಣಿತ. ಎರಡನೆಯ ದಿನ ಇಡೀ ದಿನ ಸಮುದ್ರದ ಮರಳು. ಉಸುಕಿನಲ್ಲಿ ನಡೆಯಲು ನನಗೆ ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ ತಂದಿದ್ದರು. ಒಂದು ಅಳತೆ ದೊಡ್ಡದು. ಹೆಂಡತಿಯ ಪಾದದ ಅಳತೆಯೂ ಗೊತ್ತಿರಲಿಲ್ಲ. ಅದಕ್ಕೆ ನಾನು ಬಯ್ಯಬಾರದು, ಅವರ ಅಂಗಿಯ ಅಳತೆ ನನಗೂ ಗೊತ್ತಿರಲಿಲ್ಲ.

ನಾನು ಚೇಷ್ಟೆ ಮಾಡಿದೆ. ಅರೆಬರೆ ಬಟ್ಟೆಯ ಹುಡುಗಿಯರ ನಡುವೆ ನಾನು ಇಳಕಲ್ ಸೀರೆ ಉಟ್ಟು, ನೀವು ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ ನಡೆದರೆ ಜನ ಏನಂದಾರು ಎಂದೆ.

"ಅಲ್ಲಿ ನಮ್ಮನ್ನ ಯಾರ ನೋಡ್ತಾರ? ಅದಕ್ಕ ಹೋಗೂದು," ಎಂದರು.

ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತಿತು. ಯಾರೂ ನೋಡುವುದಿಲ್ಲ. ಅವರು, ನಾನು, ಒಂದು ಕೋಣೆ, ಎರಡು ದಿನ. ಏನು ಮಾತಾಡುವುದು? ಮನೆಯಲ್ಲಿ ನಮ್ಮ ಮಾತು ಎಂದರೆ ಹಾಲು ಬಂತೇ, ಸಿಲಿಂಡರಿಗೆ ಹೇಳಿದಿರಾ, ಕಿರಣನ ಕೆಮ್ಮು ನಿಂತಿತೇ. ಇಷ್ಟನ್ನು ತೆಗೆದಿಟ್ಟರೆ ನಮ್ಮಿಬ್ಬರ ನಡುವೆ ಉಳಿಯುವುದೇನು ಎಂದು ಅಕ್ಕಿ ತೊಳೆಯುತ್ತ ಯೋಚಿಸಿದೆ. ಮೂರು ವಿಷಯ ಸಿಕ್ಕವು. ಮೂರೂ ದಾರಿಯಲ್ಲಿ ಸಾತಾರಾ ಬರುವುದರೊಳಗೆ ಮುಗಿದುಹೋಗುವಂಥವು. ನಗಬೇಡಿ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಹೆರಿಗೆಗೂ ನಾನು ಅಷ್ಟು ಹೆದರಿದವಳಲ್ಲ.

ಆಗ ದೇವರನ್ನು ತಂದೆ. ಅತ್ತೆಯ ಕಾಲದ ರೂಢಿ ಏನೆಂದರೆ, ಹೊಸದಾಗಿ ಮದುವೆಯಾದವರು ಒಂದು ಸಲ ಗುಡ್ಡಕ್ಕೆ ಹೋಗಿ ಉಡಿ ತುಂಬುವುದು. ಅಷ್ಟೇ. ನಾನು ಅದನ್ನು ಎಳೆದು ಉದ್ದ ಮಾಡಿದೆ. ಮೋಜಿಗೆ ಹೊರಟಾಗಲೆಲ್ಲ ಮೊದಲು ಮನೆದೇವಿ, ಹಾಗೆಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿ ಹೋಗಿದ್ದಾರೆ ಎಂದೆ. ಸತ್ತವರು ಬಂದು ಅಲ್ಲಗಳೆಯುವುದಿಲ್ಲವಲ್ಲ. ದೀಪಾವಳಿಯ ನಾಲ್ಕು ದಿನಕ್ಕೆ ಜೀಪು ಹೇಳಿ, ಬಸು, ಶೋಭಾ, ಕಿರಣ, ಮೈದುನನ ಮನೆಯವರು, ಎಲ್ಲರನ್ನೂ ತುಂಬಿಕೊಂಡು ಗುಡ್ಡಕ್ಕೆ ಹೋಗೋಣ ಎಂದೆ.

ನಮ್ಮವರು ಆ ಲಗ್ನಪತ್ರಿಕೆಯನ್ನು ಮಡಚಿದರು. ಸಿಟ್ಟು ಮಾಡಲಿಲ್ಲ. "ನಿನಗ ಬರೂದು ಬ್ಯಾಡಾಗಿದ್ರ ಹಂಗ ಹೇಳಬೇಕಿತ್ತು. ದೇವ್ರನ್ನ ಯಾಕ ನಡುವ ತಂದಿ?" ಎಂದರು. ಅಷ್ಟೇ. ಅದರ ಮೇಲೆ ಆ ಊರಿನ ಹೆಸರು ಎತ್ತಲಿಲ್ಲ.

ಗುಡ್ಡಕ್ಕೆ ಹೋದೆವು. ತೆಂಗಿನಕಾಯಿಯ ಚೀಲ ಹೊತ್ತು ಎಲ್ಲರ ಹಿಂದೆ ಹತ್ತಿದರು. ದೇವಿಗೆ ಉಡಿ ತುಂಬುವಾಗ ನಾನು ಏನನ್ನೂ ಬೇಡಿಕೊಳ್ಳಲಿಲ್ಲ. ಸುಳ್ಳಿಗೆ ಅವಳನ್ನೇ ಸಾಕ್ಷಿ ಮಾಡಿ, ಮತ್ತೆ ಅವಳ ಮುಂದೆಯೇ ಕೈ ಒಡ್ಡುವುದು ಹೇಗೆ?

ಮರುವರ್ಷ ಶ್ರಾವಣದಲ್ಲಿ ಕಂಪನಿಯ ಬಸ್ಸಿನಲ್ಲೇ ಅವರಿಗೆ ಲಕ್ವ ಹೊಡೆಯಿತು. ಕೂತಲ್ಲೇ ಒರಗಿದ್ದರು, ಜೊತೆಯವರು ನಿದ್ದೆ ಎಂದುಕೊಂಡರು. ಬಲಮೈ ಹೋಯಿತು, ಮಾತು ಹೋಯಿತು. ದವಾಖಾನೆಯಲ್ಲಿ ಒಬ್ಬರೇ ಜೊತೆಗಿರಬೇಕು ಎಂದರು, ನಾನು ಉಳಿದೆ. ಹಾಸಿಗೆಯ ಸುತ್ತ ಹಸಿರು ಪರದೆ ಎಳೆಯುತ್ತಿದ್ದರು. ಹನ್ನೊಂದು ದಿನ ಪರದೆಯ ಒಳಗೆ ಅವರು, ನಾನು. ನೆಲ ಯಾವಾಗಲೂ ಒದ್ದೆ, ಹಾಗಾಗಿ ಆ ರಬ್ಬರ್ ಚಪ್ಪಲಿಯನ್ನೇ ಹಾಕಿಕೊಂಡೆ. ಉಸುಕು ಕಾಣದ ಚಪ್ಪಲಿ ಫಿನಾಯಿಲ್ ನೀರಿನಲ್ಲಿ ಸವೆಯಿತು.

ಆ ಹನ್ನೊಂದು ದಿನ ನಾನು ಬಾಯಿ ಮುಚ್ಚಲಿಲ್ಲ ಎಂದರೆ ನಂಬುತ್ತೀರಾ? ಎಲ್ಲಿಂದ ಬರುತ್ತಿತ್ತೋ. ನನ್ನ ತವರಿನ ಎಮ್ಮೆಯ ಕಥೆ, ಮದುವೆಯ ದಿನ ಅವರ ಕಿವಿ ದೊಡ್ಡದಾಗಿ ಕಂಡದ್ದು, ಅತ್ತೆ ನನ್ನನ್ನು ಹೊಡೆದ ಸಂಗತಿ, ಅದನ್ನು ಅವರಿಗೆ ನಾನು ಹೇಳಿಯೇ ಇರಲಿಲ್ಲ. ನರ್ಸಬಾಯಿ ಬಂದು, "ಆಜಿ, ಜರಾ ಹಳೂ ಬೋಲಾ," ಎಂದು ಮೆಲ್ಲಗೆ ಮಾತಾಡಲು ಮರಾಠಿಯಲ್ಲಿ ಗದರಿಸಿ ಹೋಗುತ್ತಿದ್ದಳು. ಅವರು ಎಡಗಣ್ಣಿನಿಂದ ನೋಡುತ್ತಿದ್ದರು. ಕೇಳಿಸಿತೋ ಇಲ್ಲವೋ. ಡಾಕ್ಟರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ಹೋದರು. ನಾನು ಒಂದು ಮಾತಿನ ನಡುವೆ ಇದ್ದೆ.

ಇದಾದ ಮೇಲೆ ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ಕಾರ್ಯಕ್ಕೆ ಬಂದ ಶೆಟ್ಟರು, ಕೋಣೆ ಹೇಳಿಟ್ಟಿದ್ದೆನಲ್ಲ, ಯಾಕೆ ಹೋಗಲಿಲ್ಲ ಎಂದು ಕೇಳಿದರು. ಮನೆಯ ಪದ್ಧತಿ ಎಂದೆ. ಒಮ್ಮೆ ಹೇಳಿದ ಮೇಲೆ ಅದು ಪದ್ಧತಿಯಾಗಲೇಬೇಕಿತ್ತು, ಇಲ್ಲದಿದ್ದರೆ ನಾನು ಏನಾಗುತ್ತಿದ್ದೆ? ಬಸು, ಶೋಭಾ ಎರಡು ಸಲ ಮಹಾಬಳೇಶ್ವರಕ್ಕೆ ಹೊರಟಿದ್ದರು. ಎರಡೂ ಸಲ ಅವರನ್ನು ಗುಡ್ಡಕ್ಕೆ ತಿರುಗಿಸಿದೆ. ಮೂರನೆಯ ಸಲ ಅವರು ಹೊರಡಲೇ ಇಲ್ಲ.

ಈಗ ಸ್ನೇಹಾ ಕೇಳುತ್ತ ನಿಂತಿದ್ದಳು. ಇನ್ನೊಂದು ಸಲ ಹೌದು ಎನ್ನುವುದು ಕಷ್ಟವೇನಾಗಿರಲಿಲ್ಲ. ಆದರೆ ಮಂಚದ ಮೇಲಿನ ಚಪ್ಪಲಿಗಳಲ್ಲಿ ಸಣ್ಣ ಜೊತೆಯ ಅಳತೆ ಅವಳ ಪಾದಕ್ಕೆ ಸರಿಯಾಗಿತ್ತು. ಕಿರಣ ತಂದದ್ದಂತೆ.

"ಅಂಥಾ ಪದ್ಧತಿ ಇಲ್ಲವ್ವಾ. ನಾ ಕಟ್ಟಿದ ಸುಳ್ಳದು. ನನಗ ನಿಮ್ಮಜ್ಜನ ಜೋಡಿ ಹೋಗಲಿಕ್ಕೆ ಹೆದರಿಕಿ ಇತ್ತು. ನೀವು ಹೋಗ್ರಿ," ಎಂದೆ.

ಸ್ನೇಹಾ ಚಪ್ಪಲಿಗಳನ್ನು ಮಂಚದಿಂದ ಎತ್ತಿ ಕೆಳಗಿಟ್ಟಳು. ಬಸು ಟೀವಿಯ ಮುಂದೆ ಕೂತಿದ್ದವನು ತಿರುಗಿ, ಅಪ್ಪನಿಗೆ ಗೊತ್ತಿತ್ತೇ ಎಂದು ಮಾತ್ರ ಕೇಳಿದ. ಗೊತ್ತಿತ್ತು ಎಂದೆ. ಅವನು ಮತ್ತೆ ಟೀವಿಯ ಕಡೆಗೆ ತಿರುಗಿದ. ಶೋಭಾ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ದಿನಕ್ಕಿಂತ ಜೋರಾಗಿ.

ಶುಕ್ರವಾರ ಹುಡುಗರು ಹೋದರು. ಮರುದಿನ ಮಧ್ಯಾಹ್ನ ನಾನು ಒಲೆಯ ಬಳಿ ಹೋಗಿ ಕೂತು, ನೀನೂ ಬಸುವೂ ಮಹಾಬಳೇಶ್ವರಕ್ಕೆ ಹೋಗಿ ಬನ್ನಿ, ಮನೆ ನಾನು ನೋಡಿಕೊಳ್ಳುತ್ತೇನೆ ಎಂದು ಶೋಭಾಳಿಗೆ ಹೇಳಿದೆ. ಅವಳು ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

"ಈಗ ಹೋಗಿ ಏನ್ ಮಾತಾಡೂದ್ರಿ ಅತ್ಯಾರ, ನಾವಿಬ್ಬರ?"

"ಬರ್ತಾವ ಮಾತು."

"ನಿಮಗ ಹ್ಯಾಂಗ ಗೊತ್ತು?"

ಆಗ ಪರದೆಯ ಒಳಗಿನ ಹನ್ನೊಂದು ದಿನದ ಸಂಗತಿ ಹೇಳಿದೆ. ಅದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಒಂದು ರೊಟ್ಟಿ ಹೊತ್ತಿತು, ಅವಳು ತೆಗೆಯಲಿಲ್ಲ. ನಾನು ಮುಗಿಸಿದ ಮೇಲೆ ಗ್ಯಾಸು ಆರಿಸಿ, ನನ್ನ ತಾಟು ಹಾಕಿ, ಬಸುವನ್ನು ಊಟಕ್ಕೆ ಕರೆಯಲು ಎದ್ದಳು. ಕರೆದ ದನಿ ಕೇಳಿಸಲಿಲ್ಲ. ಬಗ್ಗಿ ನೋಡಿದೆ. ಅವನು ಟೀವಿ ನೋಡುತ್ತಿದ್ದ. ಅವಳು ಬಾಗಿಲ ಚೌಕಟ್ಟಿಗೆ ಕೈ ಊರಿ ಹಿಂದಿನಿಂದ ಅವನನ್ನು ನೋಡುತ್ತಿದ್ದಳು, ಗುರುತು ಹಿಡಿಯಲು ನಿಂತವರ ಹಾಗೆ. ನನ್ನ ತಾಟಿನಲ್ಲಿ ಅನ್ನ ಆರಿತು. ನಾನೂ ಕರೆಯಲಿಲ್ಲ.