ತೆನೆಗಾಣದ ಹುಲ್ಲು

ಆ ಕ್ಷೌರಿಕನ ಕೈಗುಣವನ್ನು ಹೊಗಳದವರು ಬೀದಿಯಲ್ಲಿರಲಿಲ್ಲ. ಕಿವಿಯ ಹಿಂದೆ ಒಂದು ಕೂದಲು ಎದ್ದು ನಿಂತಿದ್ದರೂ ಗಿರಾಕಿಯನ್ನು ಕುರ್ಚಿಯಿಂದ ಏಳಗೊಡನು. ಮನೆಯಲ್ಲಿಯೂ ಆ ಚಟ ಬಿಡದು. ಚಾಪೆಯ ಅಂಚಿನಲ್ಲಿ ನೂಲು ಜೋತರೆ ಸಾಕು, ಕತ್ತರಿ ತಾನಾಗಿಯೇ ಕೈಗೆ ಬರುವುದು.

ಅವನ ಹೆಂಡತಿ ಸೊಂಟದ ಬಲವುಡುಗಿ ಹಾಸಿಗೆ ಹಿಡಿದಿದ್ದಳು. ಅವಳ ತವರಿನ ಹಿಂದಣ ದಿಬ್ಬದಲ್ಲಿ, ಮಳೆ ಹಿಂದೆಗೆಯುತ್ತಲೇ ಒಂದು ಕಾಡುಹುಲ್ಲು ಕೆಂಬಣ್ಣದ ತೆನೆ ಬಿಡುತ್ತಿತ್ತು. ಗಾಳಿ ಬೀಸಿದರೆ ದಿಬ್ಬವೇ ಮಗ್ಗುಲು ಬದಲಿಸಿದಂತೆ ತೋರುತ್ತಿತ್ತು. ಈಗ ಆ ದಿಬ್ಬವನ್ನು ಅಗೆದು ಮನೆಗಳನ್ನು ಕಟ್ಟಿದ್ದರು. ಅಗೆತಕ್ಕೆ ಮುನ್ನ ಅವಳ ತಂಗಿ ಸೆರಗಿನಲ್ಲಿ ಕಟ್ಟಿ ತಂದ ಹಿಡಿ ಬೀಜವಷ್ಟೇ ಉಳಿದದ್ದು. ಅದೆಲ್ಲವನ್ನೂ ಕಿಟಕಿಯ ಕೆಳಗೆ ಬಿತ್ತಿದರು. ಆ ತೆನೆಗಳನ್ನು ಇನ್ನೊಮ್ಮೆ ಕಾಣಬೇಕೆಂಬುದನ್ನು ಬಿಟ್ಟು ರೋಗಿಯು ಬೇರೇನನ್ನೂ ಬೇಡಿದವಳಲ್ಲ.

ಮಳೆಗಾಲದ ಕೊನೆಗೆ ಹುಲ್ಲು ಮೊಣಕಾಲೆತ್ತರ ಬೆಳೆದು ಅಡ್ಡಾದಿಡ್ಡಿ ಬಾಗಿತು; ತೆನೆಯ ಸುಳಿವು ಇನ್ನೂ ಇರಲಿಲ್ಲ. ವೈದ್ಯರು ಬರುವ ದಿನ. ಹೆಂಡತಿಗೆ ಜೊಂಪು ಹತ್ತಿತ್ತು. ಎದ್ದಾಗ ಅಂಗಳ ಅಂದವಾಗಿ ಕಾಣಲೆಂದು ಅವನು ಹುಲ್ಲನ್ನು ಬಾಚಿ, ಬೆರಳ ಸಂದಿನಲ್ಲಿ ಹಿಡಿದು, ಒಂದೇ ಮಟ್ಟಕ್ಕೆ ಕತ್ತರಿಸಿದನು.

"ಏನ್ ಭಾವ, ಅಂಗಡೀಲಿ ತಲೆ ಸಾಲದೆ ಇಲ್ಲಿಗೆ ಬಂದ್ರಾ?" ಎಂದು ನಗುತ್ತ ಬಂದ ನಾದಿನಿ, ಬಿದ್ದ ಕಂತೆಯಿಂದ ಒಂದು ಕಡ್ಡಿಯನ್ನೆತ್ತಿ ಸೀಳಿದಳು. ಒಳಗೆ ಎಳೆಯ ತೆನೆ ಮಡಿಸಿಟ್ಟ ರೇಷ್ಮೆಯಂತೆ ಮಲಗಿತ್ತು. ನಗು ಅಲ್ಲಿಗೇ ನಿಂತಿತು.

"ಅಯ್ಯೋ, ಹೊಡೆ ಕಟ್ಟಿತ್ತಲ್ಲ ಭಾವ, ಇನ್ನೇನು ತೆನೆ ಹೊರಗೆ ಬರೋದಿತ್ತು!"

"ಬರುತ್ತೆ ಬಿಡೆ. ಬೋಳಿಸಿದ ತಲೇಲೇ ಬರುತ್ತೆ, ನಾನು ತುದಿ ಅಷ್ಟೇ ತೆಗ್ದಿದ್ದೀನಿ."

"ತಲೇಲಿ ಬರುತ್ತೆ. ಇದಕ್ಕಿರೋದು ಒಂದೇ ಮಳೆಗಾಲ. ಬೀಜ ಉದುರಿಸಿ ಸಾಯೋ ಜಾತಿ ಇದು."

ಭಗವಂತನು ಒಂದೊಂದು ಜೀವಕ್ಕೂ ಒಂದೊಂದು ಅವಧಿಯನ್ನು ನಿಯಮಿಸಿದ್ದಾನೆ. ಅದನ್ನು ಹಿಗ್ಗಿಸುವ ಕೈಗುಣ ಯಾರಿಗೂ ಇಲ್ಲ. ಅವನು ಕೊಡಗಟ್ಟಲೆ ನೀರು ಹೊಯ್ದನು. ಮೋಟುಗಳು ಕಂದಿದವು, ಬುಡ ಕೊಳೆಯಿತು.

ಹುಲ್ಲು ಕತ್ತರಿಸಿದ ದಿನ ಎಚ್ಚರಗೊಂಡ ಹೆಂಡತಿ ಬಹಳ ಹೊತ್ತು ಹೊರಗೆ ನೋಡಿದ್ದಳು. "ಅಚ್ಚುಕಟ್ಟಾಗಿದೆ ಕಣ್ರೀ," ಎಂದಷ್ಟೇ ನುಡಿದಿದ್ದಳು.

ಮರುವರ್ಷ ಮಳೆ ಬಂತು, ಆ ಹುಲ್ಲು ಬರಲಿಲ್ಲ. ಯಾವುದೋ ಕಳೆ ಮೇಲೆದ್ದು ಕಿಟಕಿಯನ್ನು ಮುಚ್ಚಿತು.

"ಅದನ್ನ ಕತ್ತರಿಸ್ರೀ, ಕೋಣೆ ಕತ್ತಲಾಗಿದೆ," ಎಂದಳು ಹೆಂಡತಿ.

ಅವನು ಕತ್ತರಿ ಹಿಡಿದು ಅಂಗಳಕ್ಕಿಳಿದನು. ಕಳೆಯ ಮುಂದೆ ನಿಂತನು, ಕೈ ಏಳಲಿಲ್ಲ. ಒಳಗೆ ಬಂದು, ಮಟಮಟ ಮಧ್ಯಾಹ್ನದಲ್ಲಿ ದೀಪ ಹಚ್ಚಿದನು.