ಕುಂಕುಮ ಹತ್ತಿದ ರೀಲು

ಹೋದ ತಿಂಗಳು ಪರಿಚಯದವರ ಮನೆಯಲ್ಲಿ ಹೊಸ ಕಂಬಳಿಯೊಂದನ್ನು ಮೊದಲ ಸಲ ನೀರಿಗೆ ಅದ್ದಿದಾಗ ಹುಣಸೆಬೀಜದ ಗಂಜಿಯ ಕಮಟು ವಾಸನೆ ಎದ್ದಿತು. ನಾನು ನಿಂತಲ್ಲೇ ಜಗಳೂರಿನ ನಮ್ಮ ಪಡಸಾಲೆಗೆ ಹೋಗಿಬಿಟ್ಟೆ. ಅಲ್ಲಿ ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಅಜ್ಜ ಮಗ್ಗದ ಮುಂದೆ ಕೂತಿರುತ್ತಿದ್ದ. ಅಜ್ಜಿ ಉಣ್ಣೆ ನೂಲುವವಳು, ಹುಣಸೆಬೀಜ ಅರೆದು ಕುದಿಸಿ ಎಳೆ ಬಿಗಿಗೊಳಿಸುವ ಗಂಜಿ ಮಾಡುವವಳು. "ಏ ಇವಳೇ, ಗಂಜಿ ತಾರೇ, ಎಳೆ ಒಣಗ್ತೈತೆ" ಎಂದು ಅಜ್ಜ ಕೂಗುವುದು, "ಬಂದೆ, ತಡೀರಿ" ಎಂದು ಅಜ್ಜಿ ಒಳಗಿನಿಂದ ಗೊಣಗುವುದು ದಿನಕ್ಕೆ ಹತ್ತು ಸಲ ನಡೆಯುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಒಂದು ದಸರೆಗೆ ಮುಂಚೆ ಆ ಮನೆಗೆ ಅಸ್ಸಾಮಿನಿಂದ ಒಬ್ಬರು ಬಂದರು. ಕತೆ ಬರೆಯುತ್ತಿದ್ದರು, ಸಿನಿಮಾ ತೆಗೆಯುತ್ತಿದ್ದರು. ಹೆಸರು ದಿಗಂತ, ಅಜ್ಜಿಯ ಬಾಯಲ್ಲಿ ಮಾರನೆಯ ದಿನಕ್ಕೇ ದಿಗಂತಪ್ಪ ಆದರು. ಕೈಮಗ್ಗಗಳ ಮೇಲೆ ಚಿತ್ರ ಮಾಡುತ್ತ ದೇಶ ಸುತ್ತುತ್ತಿದ್ದ ಅವರಿಗೆ, ಹೈಸ್ಕೂಲಿನಲ್ಲಿ ಹಿಂದಿ ಮೇಷ್ಟರಾಗಿದ್ದ ನನ್ನಪ್ಪನೇ ಊರಲ್ಲಿ ಮಾತಿಗೆ ಸಿಕ್ಕ ಒಬ್ಬರೇ ಒಬ್ಬರು. ಹೀಗಾಗಿ ಅವರು, ಅವರ ಕ್ಯಾಮೆರಾದವನು, ಹೆಗಲಿಗೆ ನೇತುಬಿದ್ದ ಧ್ವನಿಯ ಮಷೀನು ಎಲ್ಲ ನಮ್ಮಲ್ಲೇ ಇಳಿದವು. ಹುಟ್ಟಿದ ಮನೆಯನ್ನು ನದಿ ಕೊಚ್ಚಿಕೊಂಡು ಹೋದ ಮೇಲೆ, ಯಾವುದನ್ನು ಕಂಡರೂ ಅದು ಹೋಗುವ ಮೊದಲು ಹಿಡಿದಿಡಬೇಕು ಅನಿಸುತ್ತದೆ ಎಂದು ಅಪ್ಪನ ಹತ್ತಿರ ಹೇಳಿದ್ದರಂತೆ. ಬೆಳಗ್ಗೆ ಎದ್ದು ಜಗಲಿಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆಯುವರು. ಊಟಕ್ಕೆ ಕೂತರೆ ನಮ್ಮ ಖಾರಕ್ಕೆ ಕಣ್ಣು ಮೂಗು ಎಲ್ಲ ಸುರಿದು, ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಲೇ ಮೊಸರು ಬಡಿಸುವಳು.

ಫೋಟೊ ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಂಬಿದ್ದ ಅಜ್ಜ ಅಲ್ಲಿಯವರೆಗೆ ಒಂದು ಫೋಟೊಕ್ಕೂ ಕೂತವನಲ್ಲ. ದಿಗಂತಪ್ಪ ಬಲವಂತ ಮಾಡಲಿಲ್ಲ. ತಮ್ಮ ಕಡೆ ಹೆಂಗಸರೇ ನೇಯುತ್ತಾರೆ, ತಮ್ಮ ತಾಯಿಯೂ ನೇಯುತ್ತಿದ್ದಳು ಎಂದು ಅಪ್ಪನ ಮೂಲಕ ಹೇಳಿ, ಗುಂಡಿಗಿಳಿದು ನಾಲ್ಕು ಎಳೆ ಹಾಕಿ ತೋರಿಸಿದರು. ಅಜ್ಜ ಅದನ್ನು ಬೆರಳಲ್ಲಿ ಸವರಿ ನೋಡಿ, "ಇವ್ನು ನಮ್ಮೋನೇ ಕಣಲೇ, ತೆಗೀಲಿ ಬಿಡು" ಎಂದ. ಎರಡು ದಿನ ಮಗ್ಗದ ಚಿತ್ರೀಕರಣ ನಡೆಯಿತು. ಮೂರನೆಯ ದಿನ, ಮುಗಿದ ರೀಲುಗಳ ಡಬ್ಬಿಗಳನ್ನು ನಮ್ಮ ದೇವರ ಮನೆಯ ತಂಪಿನಲ್ಲಿ ಇಟ್ಟು, ಯಾರೂ ಮುಟ್ಟಬಾರದೆಂದು ಹೇಳಿ ಅವರು ಕುರಿಹಟ್ಟಿಗಳ ಕಡೆ ಹೋದರು.

ಮಾರನೆಯ ದಿನವೇ ಆಯುಧ ಪೂಜೆ. ಮಗ್ಗ, ಕತ್ತರಿ, ಅಪ್ಪನ ಸೈಕಲ್ಲು ಎಲ್ಲದಕ್ಕೂ ಕುಂಕುಮ ಹಚ್ಚುವ ಕೆಲಸ ಹತ್ತು ವರ್ಷದ ನನ್ನದು. "ಆ ದಿಗಂತಪ್ಪನ ಡಬ್ಬಿಗೂ ಹಚ್ಚೇ, ಅದೂ ಅನ್ನ ಕೊಡೋ ಸಾಮಾನು" ಎಂದಳು ಅಜ್ಜಿ. ಅವಳು ಹೇಳಿದ್ದು ಹೊರಗಿನಿಂದ ಒಂದು ಬೊಟ್ಟು ಇಡಲು. ಆದರೆ ಪುಸ್ತಕಕ್ಕೆ ನಾವು ರಟ್ಟು ತೆರೆದು ಮೊದಲ ಹಾಳೆಗೆ ತಾನೆ ಕುಂಕುಮ ಹಚ್ಚುವುದು? ನಾನು ಡಬ್ಬಿಯ ಸುತ್ತ ಅಂಟಿಸಿದ್ದ ಪಟ್ಟಿ ಬಿಚ್ಚಿದೆ, ಕಪ್ಪು ಚೀಲದಿಂದ ಬೂದು ಸುರುಳಿಯನ್ನು ಹೊರತೆಗೆದು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದೆ. ಒಂದೂ ಚಿತ್ರ ಕಾಣಲಿಲ್ಲ. ಭಕ್ತಿಯಿಂದ ಕುಂಕುಮ ಹಚ್ಚಿ, ಇದ್ದ ಹಾಗೇ ಪಟ್ಟಿ ಅಂಟಿಸಿದೆ. ಹಾಗೆ ಮೂರು ಡಬ್ಬಿ. ಹಬ್ಬ ಮುಗಿದ ಮೇಲೆ ಬಂದ ದಿಗಂತಪ್ಪ ಅವನ್ನು ಹಾಗೇ ಎತ್ತಿಕೊಂಡು ತಮ್ಮೂರಿಗೆ ಹೊರಟರು.

ಶಿವರಾತ್ರಿಯ ಹೊತ್ತಿಗೆ ಅಜ್ಜ ಹೋಗಿಬಿಟ್ಟ. ಅವನ ಮುಖ ಈಗ ಇರುವುದು ಆ ರೀಲಿನಲ್ಲಿ ಮಾತ್ರ, ಒಂದು ಫೋಟೊ ಮಾಡಿ ಕಳಿಸಿ ಎಂದು ಅಜ್ಜಿ ಅಪ್ಪನ ಕೈಲಿ ಕಾಗದ ಬರೆಸಿದಳು. ಉತ್ತರ ಬಂತು. ಮಗ್ಗದ ಚಿತ್ರಗಳು ಬೆಳಕು ತಾಗಿ ಅಳಿಸಿಹೋಗಿವೆ, ತಪ್ಪು ನನ್ನದೇ, ಕ್ಷಮಿಸಿ ಎಂದು ದಿಗಂತಪ್ಪ ಬರೆದಿದ್ದರು. ಕುಂಕುಮದ ಮಾತೇ ಇರಲಿಲ್ಲ. ಅಜ್ಜಿ ನೆಲಕ್ಕೆ ಕೈ ಬಡಿದು, "ನಂಬ್ಸಿ ಕುತ್ಗೆ ಕೊಯ್ದ! ನನ್ ಗಂಡನ ಆಯಸ್ಸೂ ಹೋತು, ಮುಖಾನೂ ಹೋತು" ಎಂದು ಅತ್ತಳು. ಅಪ್ಪ ಓದುವಾಗ ಬೆಳಕು ಎಂಬ ಮಾತಿಗೇ ನನಗೆ ಎಲ್ಲ ತಿಳಿದಿತ್ತು. ನಾನು ಬಾಯಿ ಬಿಡಲಿಲ್ಲ. ವರ್ಷಗಟ್ಟಲೆ ಅಜ್ಜಿ ಅವರನ್ನು ಬೈದಳು, ವರ್ಷಗಟ್ಟಲೆ ನಾನು ಕೇಳಿಸಿಕೊಂಡೆ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ ಅನಿಸುತ್ತಿತ್ತು.

ಎಂಬತ್ತರ ದಶಕದ ನಡುವೆ ಅಪ್ಪನಿಗೆ ಹೊನ್ನಾಳಿಗೆ ವರ್ಗವಾಯಿತು; ಜಗಳೂರಿನ ಮನೆಯ ಮಗ್ಗದ ಗುಂಡಿಗೆ ಮಣ್ಣು ತುಂಬಿ ಬಂದೆವು. ಹೊನ್ನಾಳಿಯಲ್ಲಿ ಒಂದು ಭಾನುವಾರ ಪಕ್ಕದ ಮನೆಯ ಟೀವಿಯಲ್ಲಿ ದಿಗಂತಪ್ಪನ ಚಿತ್ರ ಬಂತು. ಪರದೆಯ ಮೇಲೆ ಹೆಸರು ಓದಿದ ಅಪ್ಪ ಓಡಿಬಂದು ನಮ್ಮನ್ನು ಕರೆದೊಯ್ದರು. ಅಜ್ಜಿ ಮುಖ ಗಂಟಿಕ್ಕಿಕೊಂಡೇ ಕೂತಳು. ಯಾವ್ಯಾವುದೋ ಊರಿನ ಮಗ್ಗಗಳಾದ ಮೇಲೆ ಪರದೆ ಕಪ್ಪಾಯಿತು. "ಕರೆಂಟ್ ಹೋತೇನೆ?" ಎಂದಳು ಅಜ್ಜಿ. ಹೋಗಿರಲಿಲ್ಲ. ಕತ್ತಲೊಳಗಿಂದ ನಮ್ಮ ಮಗ್ಗದ ಸದ್ದು ಕೇಳುತ್ತಿತ್ತು. ಧ್ವನಿಯನ್ನು ಬೇರೆ ಟೇಪಿನಲ್ಲಿ ಹಿಡಿದಿದ್ದರು. ಅದಕ್ಕೆ ನನ್ನ ಕೈ ತಾಗಿರಲಿಲ್ಲ. ಅಜ್ಜ ಕೆಮ್ಮಿದ. ಆಮೇಲೆ ಕೂಗಿದ: "ಏ ಇವಳೇ, ಗಂಜಿ ತಾರೇ, ಎಳೆ ಒಣಗ್ತೈತೆ." ಅಜ್ಜಿ ಮಂಡಿ ಹಿಡಿದುಕೊಂಡು ಎದ್ದೇ ನಿಂತಳು. "ಬಂದೆ, ತಡೀರಿ" ಎಂದಳು. ಎದ್ದವಳಿಗೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ.

ಆ ಸಂಜೆ ಅಜ್ಜಿಯ ಮುಂದೆ ಎಲ್ಲ ಹೇಳಿಬಿಟ್ಟೆ. ಹೊಡೆದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಮಾತ್ರ, "ಕಾಗ್ದ ಬರಿ. ನಾನು ಬೈದಿದ್ದೆಲ್ಲ ನನಗೇ ತಟ್ಲಿ ಅಂತ ಬರಿ" ಎಂದಳು. ಬರೆದೆ. ಉತ್ತರ ಬರೆದವರು ಅವರ ಹೆಂಡತಿ. ದಿಗಂತಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ನನ್ನ ಕಾಗದವನ್ನು ಅವರ ಪುಸ್ತಕಗಳ ಕಪಾಟಿನಲ್ಲಿ ಇಟ್ಟಿದ್ದೇನೆ ಎಂದು ಆಕೆ ಬರೆದಿದ್ದರು. ಜೊತೆಗೆ ಗೇಣುದ್ದದ ಫಿಲ್ಮ್ ತುಂಡೊಂದು ಇತ್ತು. ಯಜಮಾನರು ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದರಂತೆ, ಯಾರಿಗೂ ಎಸೆಯಲು ಬಿಟ್ಟಿರಲಿಲ್ಲವಂತೆ. ಅದರ ತುದಿಯಲ್ಲಿ ನನ್ನ ಬೆರಳಿನ ಕುಂಕುಮ ಹಾಗೇ ಇತ್ತು.

ಆ ವರ್ಷ ಹಿರಿಯರ ಹಬ್ಬಕ್ಕೆ, ಫೋಟೊ ಇಲ್ಲದ ಅಜ್ಜನ ಜಾಗದಲ್ಲಿ ಆ ಫಿಲ್ಮ್ ತುಂಡನ್ನು ಇಟ್ಟು ಅಜ್ಜಿ ಎರಡು ಎಲೆ ಹಾಕಿಸಿದಳು. ಅಜ್ಜನ ಎಡೆಗೆ ಎಲ್ಲ ಬಡಿಸಿ, ಎರಡನೆಯದಕ್ಕೂ ಅದೇ ಚಟ್ನಿ ಇಡಲು ಹೋದೆ. ಅಜ್ಜಿ ನನ್ನ ಕೈ ಹಿಡಿದಳು.

"ಖಾರ ಬ್ಯಾಡ ಕಣೆ, ದಿಗಂತಪ್ಪಂಗೆ ಆಗಲ್ಲ. ಮೊಸರು ಬಡ್ಸು."